ಲಿಂಗಪರೀಕ್ಷೆಯೂ ಕ್ರೀಡಾವಾರ್ತೆಯೂ: ಒಂದು ಶಬ್ದಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಕನ್ನಡ ಮರಾಠಿಗಳೆರಡೂ ಮನೆಮಾತಾಗಿರುವ ಗಡಿಸೀಮೆಯೆಂಬುದು ವಿದ್ವಜ್ಜನರಿಗೆ ವಿದಿತವೇ ಇದೆ. ಇವುಗಳೊಳಗೆ ರಾಯಬಾಗವು ೧೯೪೯ರ ವರೆಗೂ ಕೊಲ್ಹಾಪುರ ಸಂಸ್ಥಾನದ ಆಳಿಕೆಯಲ್ಲಿದ್ದಿತು. ಆಳಿಕೆ ಹೋದರೂ ಓದಿನ ನಂಟು ಕಡಿಯಲಿಲ್ಲ. ಹುಬ್ಬಳ್ಳಿ ಬೆಳಗಾವಿಗಳ ಕನ್ನಡ ಪತ್ರಿಕೆಯೂ ಕೊಲ್ಹಾಪುರದ ಮರಾಠಿ ಪತ್ರಿಕೆಯೂ ಈ ಸೀಮೆಯ ಊರುಗಳಿಗೆ ಒಟ್ಟಿಗೇ ಬರುತ್ತವೆ. ಆದುದರಿಂದ ಒಂದೇ ವಾರ್ತೆಯನ್ನು ಎರಡು ವ್ಯಾಕರಣಗಳಲ್ಲಿ ಓದುವ ಅವಕಾಶ ಇಲ್ಲಿನವರಿಗೆ ಸಹಜವಾಗಿ ಒದಗಿದೆ. ಸ್ತ್ರೀಯೋ ಪುರುಷನೋ ಎಂಬ ವಿವಾದಕ್ಕೆ ಗುರಿಯಾದ ಕ್ರೀಡಾಪಟುಗಳ ವಾರ್ತೆಯಲ್ಲಿ ಈ ವ್ಯಾಕರಣಭೇದವು ಅಲ್ಪವಾದ ವಿಷಯವಲ್ಲ.

ಅದೆಂತೆಂದರೆ, ಮರಾಠಿಯಲ್ಲಿ ಓಡಿದವಳು 'ಧಾವಲೀ', ಓಡಿದವನು 'ಧಾವಲಾ'. ಗೌರವಕ್ಕಾಗಿ ಬಹುವಚನವನ್ನು ಹಿಡಿದರೂ 'ಧಾವಲ್ಯಾ', 'ಧಾವಲೇ' ಎಂದು ಲಿಂಗಭೇದವು ಕ್ರಿಯಾಪದದಲ್ಲಿ ಉಳಿದೇ ಇರುತ್ತದೆ. ವರದಿಗಾರನು ವಾಕ್ಯವನ್ನು ಮುಗಿಸಬೇಕಾದರೆ ತೀರ್ಪನ್ನೂ ಕೊಟ್ಟೇ ಮುಗಿಸಬೇಕು. ಕನ್ನಡದಲ್ಲಿಯಾದರೋ ಏಕವಚನದಲ್ಲಿ 'ಓಡಿದಳು', 'ಓಡಿದನು' ಎಂಬ ಭೇದವಿದ್ದರೂ ಬಹುವಚನದಲ್ಲಿ ಮನುಷ್ಯವಾಚಕಗಳಿಗೆಲ್ಲ 'ಓಡಿದರು' ಎಂಬ ಒಂದೇ ರೂಪ. ಇಂದಿನ ಕನ್ನಡ ಪತ್ರಿಕೆಗಳು ಆಟಗಾರರಿಗೆ ಗೌರವದ ಬಹುವಚನವನ್ನೇ ಬಳಸುವ ರೂಢಿಯುಳ್ಳವಾದ ಕಾರಣ, ಯಾರೂ ಉದ್ದೇಶಿಸದೆಯೇ ನಮ್ಮ ನುಡಿಯಲ್ಲಿ ಇಂಥವರಿಗೆ ಒಂದು ನೆರಳು ದೊರೆತಿದೆ. ಕ್ರಿಯಾಪದವು ಸುಮ್ಮನಿದ್ದಲ್ಲಿ ನಾಮಪದವು ಸುಮ್ಮನಿರುವುದಿಲ್ಲವೆಂಬುದು ಬೇರೆ ಮಾತು. ಆ ನಾಮಪದಗಳ ಚರಿತ್ರೆಯೇ ಇಲ್ಲಿ ವಿಚಾರಣೀಯವಾದುದು.

ಇಂದು ಮರಾಠಿಯಲ್ಲಿ 'ತೃತೀಯಪಂಥೀ' ಎಂಬ ಶಬ್ದವೂ ಕನ್ನಡದಲ್ಲಿ 'ತೃತೀಯ ಲಿಂಗಿ', 'ಲಿಂಗತ್ವ ಅಲ್ಪಸಂಖ್ಯಾತರು', 'ಮಂಗಳಮುಖಿ' ಮೊದಲಾದ ಶಬ್ದಗಳೂ ಪ್ರಚಾರದಲ್ಲಿವೆ. ೨೦೧೪ನೆಯ ಏಪ್ರಿಲ್ ೧೫ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ಇತ್ತ ತೀರ್ಪಿನ ಬಳಿಕ ಮೂರನೆಯ ಲಿಂಗವೆಂಬ ಭಾವನೆಗೆ ಶಾಸನದ ಮನ್ನಣೆಯೂ ಬಂದಿತು. ಪಂಥವೆಂದರೆ ಮಾರ್ಗ, ನಡೆದು ಹೋಗುವ ದಾರಿ. ಲಿಂಗವೆಂದರೆ ಗುರುತು, ದೇಹದಲ್ಲಿ ಕಾಣುವ ಚಿಹ್ನೆ. ಒಂದು ಶಬ್ದವು ಬಾಳನ್ನು ನೋಡಿ ಹುಟ್ಟಿತು, ಮತ್ತೊಂದು ಮೈಯನ್ನು ನೋಡಿ. ಇವೆರಡಕ್ಕಿಂತ ಹಳೆಯದಾದ ಮೂರನೆಯ ಶಬ್ದವೊಂದು ಈ ಸೀಮೆಯಲ್ಲಿಯೇ ಇದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಅಥಣಿ ತಾಲೂಕಿನ ಕೋಕಟನೂರಿನ ಎಲ್ಲಮ್ಮನ ಜಾತ್ರೆಗೂ ಹೋಗುವವರಿಗೆ ಜೋಗಪ್ಪಂದಿರು ಅಪರಿಚಿತರಲ್ಲ. ಸೀರೆಯುಟ್ಟು, ಚೌಡಿಕೆ ಹಿಡಿದು, ಕೊಡ ಹೊತ್ತು ಬರುವ ಅವರನ್ನು ಜನರು ಕರೆಯುವ ಹೆಸರು ದೇವಿಯ ಸೇವೆಯಿಂದ ಬಂದುದೇ ಹೊರತು ಮೈಯ ಊನಾತಿರೇಕಗಳಿಂದ ಬಂದುದಲ್ಲ. ಜೋಗಪ್ಪಂದಿರ ಬಾಳು ಸುಖಮಯವಾಗಿದ್ದಿತೆಂದು ಇದರಿಂದ ಸಿದ್ಧವಾಗದು. ಹೆಸರು ಮಾತ್ರ ಅವರನ್ನು ಅಳೆದು ನೋಡಲಿಲ್ಲ.

ಸಂಸ್ಕೃತ ವಾಙ್ಮಯಕ್ಕೆ ಬಂದರೆ ಎರಡು ಸಂಪ್ರದಾಯಗಳು ಕಾಣಿಸುತ್ತವೆ. ಅಮರಸಿಂಹನು ತೃತೀಯಾಪ್ರಕೃತಿ, ಕ್ಲೀಬ, ನಪುಂಸಕಾದಿ ಶಬ್ದಗಳನ್ನು ಒಂದೇ ಪಂಕ್ತಿಯಲ್ಲಿ ಪರ್ಯಾಯಗಳೆಂಬಂತೆ ಪೋಣಿಸಿಬಿಟ್ಟನು. ವೈದ್ಯರು ಹಾಗೆ ಮಾಡಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಎಂಟು ಭೇದಗಳನ್ನು ಹೇಳಿ ಒಂದೊಂದಕ್ಕೂ ಬೇರೆ ಬೇರೆ ಕಾರಣವನ್ನು ಕಲ್ಪಿಸಿದೆ. ಧರ್ಮಶಾಸ್ತ್ರಗಳಲ್ಲಿ ನಾರದನು ಹದಿನಾಲ್ಕು ಭೇದಗಳನ್ನು ಎಣಿಸಿದ್ದಾನೆ. ಅವರ ಕಾರಣನಿರೂಪಣೆ ಇಂದು ನಿಲ್ಲತಕ್ಕುದಲ್ಲ, ಅವರ ಶಬ್ದಗಳಲ್ಲಿ ತಿರಸ್ಕಾರವೂ ಉಂಟು. ಆದರೂ ಭಿನ್ನವಾದುದನ್ನು ಭಿನ್ನವೆಂದು ಕಾಣುವ ಎಚ್ಚರವು ಅವರಿಗಿದ್ದಿತು. ಇಂದಿನ ಕ್ರೀಡಾವಾರ್ತೆಯು ವೈದ್ಯನ ಮಾರ್ಗವನ್ನು ಬಿಟ್ಟು ಕೋಶಕಾರನ ಮಾರ್ಗವನ್ನು ಹಿಡಿದಿದೆ. ಹುಟ್ಟಿದಾಗ ಬರೆಯಿಸಿದ ಲಿಂಗವನ್ನು ತೊರೆದು ಬೇರೊಂದರಲ್ಲಿ ಬಾಳುವ ಲಿಂಗಪರಿವರ್ತಿತರೂ, ಹೆಣ್ಣಾಗಿಯೇ ಹುಟ್ಟಿ ಹೆಣ್ಣಾಗಿಯೇ ಬೆಳೆದು ದೇಹದ ಒಳರಚನೆಯಲ್ಲಿ ಮಾತ್ರ ಸಾಮಾನ್ಯಕ್ಕಿಂತ ಭಿನ್ನತೆಯುಳ್ಳ ಅಂತರಲಿಂಗಿಗಳೂ ಅದರಲ್ಲಿ ಒಂದೇ ಪಂಕ್ತಿಗೆ ಬೀಳುತ್ತಾರೆ. ಕವಿಗೆ ಛಂದಸ್ಸಿಗಾಗಿ ಪರ್ಯಾಯಪದಗಳು ಬೇಕು. ವಾರ್ತಾಕಾರನಿಗೆ ಅಂಥ ನಿರ್ಬಂಧವೇನೂ ಇಲ್ಲ.

ಲಿಂಗವನ್ನು ಪರೀಕ್ಷಿಸುವ ಪದ್ಧತಿಯೂ ಹೊಸದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದಶಾರ್ಣದ ರಾಜನು ತನ್ನ ಅಳಿಯನಾದ ಶಿಖಂಡಿಯು ಪುರುಷನೋ ಅಲ್ಲವೋ ಎಂದು ತಿಳಿಯಲು ಯುವತಿಯರನ್ನು ಕಳುಹಿಸುತ್ತಾನೆ. ವಿರಾಟಪರ್ವದಲ್ಲಿ ಬೃಹನ್ನಳೆಯನ್ನು ಕನ್ಯಾಂತಃಪುರಕ್ಕೆ ಬಿಡುವ ಮುನ್ನ ವಿರಾಟನು ಸ್ತ್ರೀಯರಿಂದ ಪರೀಕ್ಷೆ ಮಾಡಿಸುತ್ತಾನೆ. ಅದೇ ಪರ್ವದಲ್ಲಿ ಅಡಿಗೆಯವನ ವೇಷದ ಭೀಮನು ಬ್ರಹ್ಮೋತ್ಸವದ ಮಲ್ಲಯುದ್ಧದಲ್ಲಿ ಜೀಮೂತನನ್ನು ಕೆಡಹುವನಷ್ಟೆ. ಅವನ ಮೈಯನ್ನು ಯಾರೂ ಶೋಧಿಸಲಿಲ್ಲ. ಇದಕ್ಕಿಂತ ಗಮನಾರ್ಹವಾದುದು ಗೋಗ್ರಹಣದ ಬಳಿಕದ ಪ್ರಸಂಗ. ಉತ್ತರಕುಮಾರನು ಕೌರವರನ್ನು ಗೆದ್ದನೆಂಬ ವಾರ್ತೆಯನ್ನು ದೂತರು ತರುತ್ತಾರೆ; ಅರಸನು ಹಿಗ್ಗಿ ಪಟ್ಟಣವನ್ನು ಸಿಂಗರಿಸಲು ಅಪ್ಪಣೆಮಾಡುತ್ತಾನೆ. ಬೃಹನ್ನಳೆಯು ಸಾರಥಿಯಾಗಿರಲು ಗೆಲವಿನಲ್ಲಿ ಸಂದೇಹವೇನೆಂದು ಕಂಕನು ಹೇಳಿದ ಮಾತು ಅರಸನಿಗೆ ಸಹಿಸದೆ, ಪಗಡೆಯ ದಾಳವು ಕಂಕನ ಮುಖಕ್ಕೆ ಬಡಿದು ರಕ್ತ ಒಸರುತ್ತದೆ. ನಡೆದದ್ದೊಂದು, ವಾರ್ತೆಯೊಂದು, ನಡೆದದ್ದನ್ನು ಹೇಳಿದವನಿಗೆ ಪೆಟ್ಟು. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುವ ಪದ್ಧತಿಯುಳ್ಳ ಕನ್ನಡನಾಡಿನಲ್ಲಿ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇನ್ನು 'ಪರೀಕ್ಷೆ' ಎಂಬ ಶಬ್ದವನ್ನೇ ನೋಡತಕ್ಕುದು. ನ್ಯಾಯಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷಾ ಎಂದು ಮೂರು ಬಗೆಯದೆಂದು ವಾತ್ಸ್ಯಾಯನಭಾಷ್ಯದಲ್ಲಿ ಹೇಳಿದೆ. ವಸ್ತುವಿನ ಹೆಸರನ್ನು ಹೇಳುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಆ ವಸ್ತುವಿಗೆ ಹೊಂದುವುದೋ ಇಲ್ಲವೋ ಎಂಬ ವಿಚಾರವೇ ಪರೀಕ್ಷೆ. ಲಕ್ಷ್ಯದಲ್ಲಿ ಕೆಲವೆಡೆ ಲಕ್ಷಣವು ಕಾಣದಿದ್ದರೆ ಅವ್ಯಾಪ್ತಿ. ಲಕ್ಷ್ಯವಲ್ಲದುದರಲ್ಲಿಯೂ ಕಂಡರೆ ಅತಿವ್ಯಾಪ್ತಿ. ಎರಡೂ ಲಕ್ಷಣದ ದೋಷಗಳು. ಕಪಿಲಬಣ್ಣವನ್ನು ಹಸುವಿನ ಲಕ್ಷಣವೆಂದು ಹೇಳಿ, ಬಿಳಿಯ ಹಸುವು ಎದುರು ನಿಂತಾಗ ಹಸುವೇ ಸೋತಿತೆಂದು ಯಾವ ತಾರ್ಕಿಕನೂ ಹೇಳುವುದಿಲ್ಲ. ವೈಯಾಕರಣರ ಮಾರ್ಗವೂ ಇದೇ. ಪಾಣಿನಿಯ ಸ್ತ್ರೀಪ್ರತ್ಯಯಪ್ರಕರಣದ ಆರಂಭದಲ್ಲಿ ಪತಂಜಲಿಯು ಸ್ತನಕೇಶಾದಿಗಳಿಂದ ಸ್ತ್ರೀತ್ವವನ್ನು ಗುರುತಿಸುವ ಲೌಕಿಕಲಕ್ಷಣವನ್ನು ಎತ್ತಿಕೊಂಡು, ಹಾಗಾದರೆ ಸ್ತ್ರೀವೇಷದ ನಟನಿಗೂ ಸ್ತ್ರೀಪ್ರತ್ಯಯ ಬರಬೇಕಾದೀತೆಂದು ಆಕ್ಷೇಪಿಸಿ ಅದನ್ನು ಕೈಬಿಟ್ಟನು.

ಕ್ರೀಡಾಸಂಸ್ಥೆಗಳು ಸ್ತ್ರೀ ಎಂಬುದಕ್ಕೆ ಹೇಳಿದ ಲಕ್ಷಣಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ಅದು ಲಕ್ಷಣಗಳ ಸೋಲಿನ ಚರಿತ್ರೆಯಾಗಿ ತೋರುತ್ತದೆ. ೧೯೬೬ರಲ್ಲಿ ಬುಡಾಪೆಸ್ಟಿನ ಐರೋಪ್ಯ ಪಂದ್ಯಗಳಲ್ಲಿ ಸ್ತ್ರೀಯರನ್ನು ವೈದ್ಯರ ಮುಂದೆ ನಿಲ್ಲಿಸಿ ಕಣ್ಣಿನಿಂದ ನೋಡಿದರು. ೧೯೬೮ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಕಣ್ಣು ಹೋಗಿ ಕ್ರೋಮೋಸೋಮು ಬಂದಿತು. ಕೆನ್ನೆಯ ಒಳಗಿನ ಜೀವಕೋಶಗಳನ್ನು ಕೆರೆದು ಪರೀಕ್ಷಿಸಿದರು. ೧೯೮೫ರಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಾಟಿನ್ಯೋ ಎಂಬವಳು ಈ ಲಕ್ಷಣಕ್ಕೆ ಹೊರಗಾದಳು. ಅವಳ ದೇಹವು ಪುರುಷಚೋದಕದ ಪರಿಣಾಮವನ್ನು ಸ್ವೀಕರಿಸತಕ್ಕುದೇ ಅಲ್ಲವೆಂದು ತಿಳಿದುಬಂದು ೧೯೮೮ರಲ್ಲಿ ಅವಳಿಗೆ ಓಡುವ ಹಕ್ಕು ಮರಳಿತು. ಅಷ್ಟರೊಳಗೆ ವಿಷಯವು ಪತ್ರಿಕೆಗಳಿಗೆ ಸೋರಿ ಅವಳ ಪದವಿಗಳೂ ಮಾನವೂ ಹರಾಜಾಗಿದ್ದವು. ಮುಂದೆ ಎಸ್‌ಆರ್‌ವೈ ಎಂಬ ಜೀನು ಲಕ್ಷಣವಾಯಿತು. ೧೯೯೬ರ ಅಟ್ಲಾಂಟಾದಲ್ಲಿ ೩೩೮೭ ಸ್ತ್ರೀಯರನ್ನು ಪರೀಕ್ಷಿಸಲಾಗಿ ೮ ಮಂದಿಯಲ್ಲಿ ಆ ಜೀನು ಕಂಡಿತು, ಎಂಟು ಮಂದಿಗೂ ಆಡಲು ಅನುಮತಿ ದೊರೆಯಿತು. ಲಕ್ಷಣವನ್ನು ಹೇಳಿದವರೇ ಲಕ್ಷಣವನ್ನು ನಂಬಲಿಲ್ಲವೆಂದಾಯಿತು. ೧೯೯೯ರಲ್ಲಿ ಒಲಿಂಪಿಕ್ ಸಮಿತಿಯು ಎಲ್ಲರನ್ನೂ ಪರೀಕ್ಷಿಸುವ ಕ್ರಮವನ್ನು ನಿಲ್ಲಿಸಿ, ಸಂಶಯ ಬಂದವರನ್ನು ಮಾತ್ರ ಪರೀಕ್ಷಿಸುವ ದಾರಿಯನ್ನು ಉಳಿಸಿಕೊಂಡಿತು. ಸಂಶಯವು ಯಾರ ಮೇಲೆ ಬರುವುದೆಂಬುದು ನೋಡುವವರ ಕಣ್ಣಿಗೆ ಸೇರಿದ ವಿಷಯವಾದ್ದರಿಂದ ೧೯೬೬ರ ಕಣ್ಣೇ ಬೇರೆ ವೇಷದಲ್ಲಿ ಮರಳಿತೆನ್ನಬಹುದು.

ಆ ಕಣ್ಣಿಗೆ ಬಿದ್ದವಳು ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್. ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದ ಈಕೆ ೨೦೦೬ನೆಯ ಡಿಸೆಂಬರಿನಲ್ಲಿ ದೋಹಾದ ಏಷ್ಯಾ ಕ್ರೀಡೆಗಳಲ್ಲಿ ೮೦೦ ಮೀಟರ್ ಓಟವನ್ನು ೨ ನಿಮಿಷ ೩.೧೬ ಸೆಕೆಂಡುಗಳಲ್ಲಿ ಓಡಿ ಬೆಳ್ಳಿಯ ಪದಕವನ್ನು ಪಡೆದಳು. ಕೆಲವೇ ದಿನಗಳಲ್ಲಿ ಪದಕವನ್ನು ಕಸಿದರು. ವೈದ್ಯಪರೀಕ್ಷೆಯ ಫಲವು ರೋಗಿಗೂ ವೈದ್ಯನಿಗೂ ಮಾತ್ರ ತಿಳಿಯತಕ್ಕದ್ದೆಂಬುದು ಲೋಕದ ಧರ್ಮ. ಇಲ್ಲಿ ಅದು ದೇಶದ ವಾರ್ತೆಯಾಯಿತು. ಇಂಗ್ಲಿಷಿನಲ್ಲಿಯೂ ದೇಶಭಾಷೆಗಳಲ್ಲಿಯೂ ಬಳಕೆಯಾದ ಮಾತು ಒಂದೇ: ಲಿಂಗಪರೀಕ್ಷೆಯಲ್ಲಿ ವಿಫಲ. ಈ ಸಮಾಸವನ್ನು ಪರಾಮರ್ಶಿಸಬೇಕು. ಶಾಲೆಯ ಪರೀಕ್ಷೆಯಲ್ಲಿ ಓದದವನು ವಿಫಲನಾಗುವನು. ಅಲ್ಲಿ ಯತ್ನದ ಕೊರತೆ ಉಂಟು. ನಿಷಿದ್ಧ ಔಷಧಿಯ ಪರೀಕ್ಷೆಯಲ್ಲಿ ಸೇವಿಸಿದವನು ಸಿಕ್ಕಿಬೀಳುವನು. ಅಲ್ಲಿ ಅಪರಾಧ ಉಂಟು. ಹೆಣ್ಣೆಂದು ಹುಟ್ಟಿ, ಹೆಣ್ಣೆಂದು ಬೆಳೆದು, ಹೆಣ್ಣೆಂದೇ ಓಡಿದವಳಲ್ಲಿ ಯತ್ನದ ಕೊರತೆಯೂ ಇಲ್ಲ, ಅಪರಾಧವೂ ಇಲ್ಲ. 'ವಿಫಲ' ಎಂಬ ಒಂದು ಪದವು ಎರಡನ್ನೂ ಅವಳ ಮೇಲೆ ಹೊರಿಸಿತು. ವಂಚನೆ ಮಾಡಿದಳೆಂದು ಯಾರೂ ಸಾಧಿಸಲಿಲ್ಲ. ಸಾಧಿಸಬೇಕಾದ ಅವಶ್ಯಕತೆಯೇ ಆ ಪದದಿಂದ ತಪ್ಪಿಹೋಯಿತು.

ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿಯವರು ಆಕೆಗೆ ೧೫ ಲಕ್ಷ ರೂಪಾಯಿಗಳ ಬಹುಮಾನವನ್ನು ಹಿಂತೆಗೆಯದೆ ಕೊಟ್ಟರೆಂಬುದನ್ನು ಮರೆಯಬಾರದು. ಆದರೂ ೨೦೦೭ರಲ್ಲಿ ಆಕೆ ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿ ಬದುಕಿ ಉಳಿದಳು. ೨೦೧೨ರ ಹೊತ್ತಿಗೆ ಇಟ್ಟಿಗೆಭಟ್ಟಿಯಲ್ಲಿ ಕೂಲಿಮಾಡುತ್ತಿದ್ದಳು. ಅನಂತರ ಬೆಂಗಳೂರಿನಲ್ಲಿ ತರಬೇತುದಾರರ ಶಿಕ್ಷಣವನ್ನು ಮುಗಿಸಿ ತನ್ನ ರಾಜ್ಯದ ಮಕ್ಕಳಿಗೆ ಓಟವನ್ನು ಕಲಿಸುವ ಕೆಲಸವನ್ನು ಹಿಡಿದಳು. ಪದಕವಂತೂ ಮರಳಲಿಲ್ಲ. ಈಕೆಯನ್ನು ಕುರಿತು ಬರೆದ ಹಲವರು ಲಿಂಗಪರಿವರ್ತಿತಳೆಂದೂ ತೃತೀಯಲಿಂಗಿಯೆಂದೂ ಬರೆದರು. ಪರಿವರ್ತನೆಯೇ ಇಲ್ಲದಿದ್ದಲ್ಲಿ ಪರಿವರ್ತಿತಳೆಂಬ ವಿಶೇಷಣವು ಕೇವಲ ಅಸಾಧುಪ್ರಯೋಗವಲ್ಲ, ಅಸತ್ಯವೂ ಹೌದು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಲ್ಜೀರಿಯಾದ ಮುಷ್ಟಿಯುದ್ಧಪಟು ಇಮಾನ್ ಖಲೀಫಳ ವಿಷಯದಲ್ಲಿಯೂ ಇದೇ ಪ್ರಮಾದವು ಲೋಕವ್ಯಾಪಿಯಾಯಿತು. ಎದುರಾಳಿಯು ೪೬ ಸೆಕೆಂಡುಗಳಲ್ಲಿ ಪಂದ್ಯವನ್ನು ಬಿಟ್ಟುಕೊಟ್ಟದ್ದೇ ಸಾಕಾಯಿತು; ಹೆಣ್ಣೆಂದೇ ದಾಖಲಾಗಿ ಬೆಳೆದವಳನ್ನು ಗಂಡಿನಿಂದ ಹೆಣ್ಣಾದವಳೆಂದು ಪ್ರಚಾರಮಾಡಲಾಯಿತು.

ಪರೀಕ್ಷೆ ಎಂಬ ಶಬ್ದವು ತನ್ನ ಶಾಸ್ತ್ರಾರ್ಥದಲ್ಲಿ ನಡೆದ ಪ್ರಸಂಗವೊಂದು ಭಾರತೀಯಳೊಬ್ಬಳಿಂದಲೇ ಉಂಟಾಯಿತು. ೨೦೧೧ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು ರಕ್ತದಲ್ಲಿನ ಟೆಸ್ಟೊಸ್ಟೆರೋನಿನ ಪ್ರಮಾಣವನ್ನು ಮೇರೆಯನ್ನಾಗಿ ಮಾಡಿದ್ದಿತು. ಆ ಕಾರಣದಿಂದ ಒಡಿಶಾದ ದ್ಯುತಿ ಚಂದ್ ೨೦೧೪ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಗಳ ತಂಡದಿಂದ ಹೊರಗಾದಳು. ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ದೇಹವನ್ನು ನಿಯಮಕ್ಕೆ ಸರಿಹೊಂದಿಸಿಕೊಳ್ಳದೆ, ನಿಯಮವನ್ನೇ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. ಸ್ವಾಭಾವಿಕವಾದ ಆ ದ್ರವ್ಯದಿಂದ ಎಷ್ಟು ಲಾಭವೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ಹೇಳಿ, ೨೦೧೫ನೆಯ ಜುಲೈ ತಿಂಗಳಲ್ಲಿ ನ್ಯಾಯಾಲಯವು ಆ ನಿಯಮವನ್ನು ಎರಡು ವರ್ಷಗಳ ಮಟ್ಟಿಗೆ ತಡೆಹಿಡಿಯಿತು. ಇಲ್ಲಿ ಪರೀಕ್ಷೆಗೆ ಒಳಗಾದುದು ಲಕ್ಷಣ, ಲಕ್ಷ್ಯವಲ್ಲ. ೨೦೧೮ರಲ್ಲಿ ದ್ಯುತಿಯು ಜಕಾರ್ತಾದ ಏಷ್ಯಾ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಪದಕಗಳನ್ನು ಗೆದ್ದಳು. ಅದೇ ವರ್ಷ ಸಂಸ್ಥೆಯು ೪೦೦ ಮೀಟರಿನಿಂದ ಒಂದು ಮೈಲಿನ ವರೆಗಿನ ಓಟಗಳಿಗೆ ಮಾತ್ರ ಹೊಸ ನಿಯಮವನ್ನು ತಂದಿತು. ದಕ್ಷಿಣ ಆಫ್ರಿಕದ ಕ್ಯಾಸ್ಟರ್ ಸೆಮೆನ್ಯಾ ಅದರ ವಿರುದ್ಧ ಮಾಡಿದ ವಾದವು ೨೦೧೯ರಲ್ಲಿ ಸೋತಿತು. ೨೦೨೫ನೆಯ ಜುಲೈಯಲ್ಲಿ ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯದ ಮಹಾಪೀಠವು ಆಕೆಗೆ ಸರಿಯಾದ ವಿಚಾರಣೆ ದೊರೆಯಲಿಲ್ಲವೆಂದು ಹೇಳಿತು.

ನಿಜವಾಗಿ ಲಿಂಗಪರಿವರ್ತಿತರಾದ ಕ್ರೀಡಾಪಟುಗಳ ಕಥೆ ಬೇರೆ, ಅಲ್ಲಿನ ಪ್ರಶ್ನೆಯೂ ಹೆಚ್ಚು ಬಿಗಿಯಾದುದು. ೧೯೩೦ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಓಟಗಾರ ಕೌಬೆಕ್, ಇಂಗ್ಲೆಂಡಿನ ಗುಂಡೆಸೆತಗಾರ ವೆಸ್ಟನ್ ಇವರು ಸ್ತ್ರೀಪಂದ್ಯಗಳನ್ನು ಬಿಟ್ಟು ಪುರುಷರಾಗಿ ಬಾಳತೊಡಗಿದಾಗ ಪತ್ರಿಕೆಗಳಲ್ಲಿ ದೋಷಾರೋಪಣೆಗಿಂತ ಕುತೂಹಲವೇ ಹೆಚ್ಚಾಗಿದ್ದಿತು. ಪುರುಷರಾಗಿ ಬೆಳೆದು ಸ್ತ್ರೀಯರಾದವರ ವಿಷಯದಲ್ಲಿ ಸ್ವರವು ಬದಲಾಯಿತು. ೧೯೭೬ರಲ್ಲಿ ಅಮೆರಿಕದ ಟೆನಿಸ್ ಆಟಗಾರ್ತಿ ರೆನೆ ರಿಚರ್ಡ್ಸಳ ಪೂರ್ವವೃತ್ತಾಂತವನ್ನು ಒಬ್ಬ ದೂರದರ್ಶನ ವರದಿಗಾರನು ಬಯಲಿಗೆಳೆದನು. ೧೯೭೭ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಆಕೆ ಅಮೆರಿಕದ ಮುಕ್ತ ಪಂದ್ಯಾವಳಿಯಲ್ಲಿ ಆಡಿ, ಮೊದಲ ಸುತ್ತಿನಲ್ಲಿಯೇ ವರ್ಜೀನಿಯಾ ವೇಡಳಿಗೆ ಸೋತಳು. ೨೦೨೧ರ ಟೋಕಿಯೋದಲ್ಲಿ ನ್ಯೂಜಿಲೆಂಡಿನ ಲಾರೆಲ್ ಹಬ್ಬರ್ಡ್ ಮೂರು ಯತ್ನಗಳಲ್ಲಿ ಒಮ್ಮೆಯೂ ಭಾರವನ್ನು ಸರಿಯಾಗಿ ಎತ್ತಲಾರದೆ ಹಿಂದಿರುಗಿದಳು. ಪಂದ್ಯಕ್ಕೆ ಮೊದಲು ತಿಂಗಳುಗಟ್ಟಲೆ ಬರೆದ ಬರೆಹಕ್ಕೂ ಪಂದ್ಯದ ಫಲಕ್ಕೂ ಯಾವ ಸಂಬಂಧವೂ ಇರಲಿಲ್ಲ. ಚಿನ್ನವನ್ನು ಗೆದ್ದ ಚೀನದ ಲೀ ವೆನ್‌ವೆನ್ನಳ ಹೆಸರೇ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಬೃಹನ್ನಳೆಯ ಪ್ರಸಂಗವು ಇಲ್ಲಿ ತಿರುವುಮುರುವಾಗಿದೆ. ೨೦೨೩ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೂ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಲಿಯೂ ಪುರುಷಪ್ರಾಯವನ್ನು ಹಾದುಬಂದವರಿಗೆ ಸ್ತ್ರೀಪಂದ್ಯಗಳನ್ನು ಮುಚ್ಚಿದವು.

ಈ ನಿಷೇಧವನ್ನು ಕೇವಲ ದ್ವೇಷವೆಂದು ತಳ್ಳಿಹಾಕುವುದು ವಿಚಾರಶೀಲರಿಗೆ ಸಲ್ಲದು. ವಿಭಾಗವೆಂಬುದಕ್ಕೆ ಒಂದು ಪ್ರಯೋಜನವಿದೆ. ಈ ಸೀಮೆಯ ಜಾತ್ರೆಗಳ ಕುಸ್ತಿಯನ್ನೇ ನೋಡಬಹುದು. ಶಾಹೂ ಮಹಾರಾಜರ ಕಾಲದಿಂದ ಕೊಲ್ಹಾಪುರದ ತಾಲೀಮುಗಳ ಪ್ರಭಾವವು ನಿಪ್ಪಾಣಿ ಚಿಕ್ಕೋಡಿಗಳ ಮೇಲೆ ದಟ್ಟವಾಗಿದೆ. ಕಣದಲ್ಲಿ ಹಿರಿಯ ವಸ್ತಾದಿಗಳು ಹುಡುಗರ ಮೈಕಟ್ಟನ್ನು ನೋಡಿ ಸರಿಜೋಡಿಯನ್ನು ಕಟ್ಟುತ್ತಾರೆ. ಜೋಡಿ ಸರಿಯಾಗದಿದ್ದರೆ ಕುಸ್ತಿಯೇ ಇಲ್ಲ. ಸ್ತ್ರೀಯರಿಗೆ ಬೇರೆ ಪಂದ್ಯವನ್ನು ಏರ್ಪಡಿಸಿದುದೂ ಇದೇ ನ್ಯಾಯದಿಂದ, ಅದನ್ನು ಕಾಯಬೇಕೆನ್ನುವ ಓಟಗಾರ್ತಿಯರ ಮಾತಿನಲ್ಲಿ ಹುರುಳಿದೆ. ಜೋಡಿ ಕಟ್ಟುವ ವಸ್ತಾದಿಗೂ ವಾರ್ತೆ ಬರೆಯುವವನಿಗೂ ವ್ಯತ್ಯಾಸವು ಎಲ್ಲಿಯೆಂದರೆ, ಸರಿಜೋಡಿ ಸಿಕ್ಕದ ಹುಡುಗನನ್ನು ವಸ್ತಾದಿಯು ಮೋಸಗಾರನೆಂದು ಡಂಗುರ ಹೊಡೆಯಿಸುವುದಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾಗದು. ತಲೆಯ ಮೇಲೆ ಕೊಡವನ್ನು ಹೊತ್ತು, ಕೈ ತಾಗಿಸದೆ, ಬಾಗಿ ಬಳುಕಿ ಕುಣಿಯುವ ಜೋಗತಿ ನೃತ್ಯವು ದೇಹಸಾಧನೆಯಲ್ಲಿ ಯಾವ ಅಂಗಸಾಧನೆಗೂ ಕಡಮೆಯಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಈ ಕಲೆಯನ್ನು ಕಾಳವ್ವ ಜೋಗತಿಯಿಂದ ಕಲಿತು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದರು. ಪ್ರಶಸ್ತಿಯನ್ನು ಸ್ವೀಕರಿಸುವ ಮುನ್ನ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಚಿತ್ರವು ದೇಶದ ಪತ್ರಿಕೆಗಳೆಲ್ಲದರಲ್ಲಿಯೂ ಬಂದಿತು. ಅಂಥ ದೇಹವೇ ಕಲೆಯ ಪುಟದಲ್ಲಿ ಬಂದಾಗ ಸಾಧನೆಯಾಯಿತು. ಕ್ರೀಡೆಯ ಪುಟದಲ್ಲಿ ಬಂದಿದ್ದರೆ ಸಮಸ್ಯೆಯಾಗುತ್ತಿದ್ದಿತು. ಕುಣಿತದಲ್ಲಿ ಸೋಲುವ ಎದುರಾಳಿಯಿಲ್ಲವೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವು ಹೆಸರಿನಲ್ಲಿದೆ: ಜೋಗತಿ ಎಂದಾಗ ಓದುಗನ ಮನಸ್ಸು ಎಲ್ಲಮ್ಮನ ಕಡೆಗೆ ಹೋಗುತ್ತದೆ, ತೃತೀಯಲಿಂಗಿ ಎಂದಾಗ ಮೈಯ ಕಡೆಗೆ. ಹಾಗೆಂದು ಓಟಗಾರ್ತಿಯನ್ನು ಜೋಗತಿ ಎನ್ನಲಾಗದು. ಅವಳಿಗೆ ಓಟಗಾರ್ತಿ ಎಂಬ ಹೆಸರು ಮೊದಲೇ ಇದೆ.

೨೦೨೫ನೆಯ ಸೆಪ್ಟೆಂಬರ್ ೧ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ಸ್ತ್ರೀಪಂದ್ಯಗಳಿಗೆ ಬರುವವರೆಲ್ಲರೂ ಒಮ್ಮೆ ಎಸ್‌ಆರ್‌ವೈ ಜೀನಿನ ಪರೀಕ್ಷೆಗೆ ಒಳಗಾಗಬೇಕೆಂದು ವಿಧಿಸಿತು. ಅದೇ ತಿಂಗಳ ಟೋಕಿಯೋ ವಿಶ್ವಪಂದ್ಯಗಳಲ್ಲಿ ಅದು ಜಾರಿಗೆ ಬಂದಿತು. ಅಟ್ಲಾಂಟಾದಲ್ಲಿ ಎಂಟು ಮಂದಿಯ ಮುಂದೆ ನಿಲ್ಲಲಾರದೆ ಹೋದ ಲಕ್ಷಣವೇ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಮರಳಿ ಬಂದಿದೆ, ಅದರೊಡನೆ 'ಲಿಂಗಪರೀಕ್ಷೆ' ಎಂಬ ಶಬ್ದವೂ ಬಂದಿದೆ. ಇನ್ನು ಮುಂದೆ ಆ ಪರೀಕ್ಷೆಯಿಂದ ಹೊರಗಾಗುವ ಹುಡುಗಿಯ ವಾರ್ತೆಯನ್ನು ಬರೆಯುವ ಕನ್ನಡಿಗನಿಗೆ 'ನಿಯಮಕ್ಕೆ ಒಳಪಡಲಿಲ್ಲ' ಎಂಬ ವಾಕ್ಯವೂ 'ವಿಫಲಳಾದಳು' ಎಂಬ ವಾಕ್ಯವೂ ಸಮಾನವಾಗಿ ಲಭ್ಯವಿವೆ. ಮೊದಲನೆಯದು ಎರಡನೆಯದಕ್ಕಿಂತ ಒಂದೇ ಪದದಷ್ಟು ಉದ್ದವಾದುದು.